ನೈಟ್ ಶಿಫ್ಟ್ ಮಾಡ್ಕೊಂಡೇ ಮಾರ್ಕೆಟ್ ಸೊಪ್ಪು, ಮನೆ ಮುದ್ದೆ: ಹಂತ ಹಂತವಾಗಿ ಹೇಗೆ ಮಾಡೋದು

ಆರು ವರ್ಷದಿಂದ ನಂದು ನೈಟ್ ಶಿಫ್ಟ್. ಎಲೆಕ್ಟ್ರಾನಿಕ್ ಸಿಟಿ, ರಾತ್ರಿ 9:30ಕ್ಕೆ ಲಾಗಿನ್, ಬೆಳಗ್ಗೆ 6:30ಕ್ಕೆ ಲಾಗೌಟ್, ಮನೆ ಜೆಪಿ ನಗರದ ಕಡೆ. ಮೊದಲ ಎರಡು ವರ್ಷ ಏನ್ ತಿಂದೆ ಅಂದ್ರೆ ನೆನಪೇ ಇಲ್ಲ, ರಾತ್ರಿ 2 ಗಂಟೆಗೆ ಕ್ಯಾಂಟೀನ್ ಫ್ರೈಡ್ ರೈಸ್, ಬೆಳಗ್ಗೆ ಏನೋ ಒಂದು, ಸಂಜೆ ಎದ್ದಾಗ 5 ಗಂಟೆ ಆಗಿರತ್ತೆ, ಬೀದಿ ಕೊನೆ ಅಂಗಡಿಗೆ ಹೋದ್ರೆ ಇಡೀ ಏರಿಯಾದ ಆಂಟಿಯರು ಆರಿಸಿ ಬಿಟ್ಟಿರೋ ಬೆಂಡೆಕಾಯಿ, ಬಾಡಿ ಮಲಗಿರೋ ಮೆಂತ್ಯ ಸೊಪ್ಪು. ಅದನ್ನ ನೋಡಿ ಫೋನ್ ತೆಗೆದು ಹತ್ತು ನಿಮಿಷದ ಆಪಲ್ಲಿ ಬ್ರೆಡ್ಡು ಮೊಟ್ಟೆ ಆರ್ಡರ್ ಮಾಡೋದು. ನೈಟ್ ಶಿಫ್ಟ್‌ನೋರಿಗೆ ತಾಜಾ ತರಕಾರಿ ಹಣೆಬರಹದಲ್ಲಿಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೆ.

ಒಂದಿನ ಕ್ಯಾಬ್ ಕೆಟ್ಟು ಸರಕ್ಕಿ ಮಾರ್ಕೆಟ್ ಹತ್ರ ಇಳಿಸಿದ್ರು. ಇನ್ನೂ 7:15, ಮಾರ್ಕೆಟ್ ಜಾತ್ರೆ ಥರ ನಡೀತಿತ್ತು. ರಸ್ತೆ ಪಕ್ಕ ಗೋಣಿಚೀಲ ಹಾಸ್ಕೊಂಡು ದಂಟಿನ ಸೊಪ್ಪು ಗುಡ್ಡೆ ಹಾಕಿದ್ದ ಒಬ್ಬಜ್ಜಿ ನನ್ನ ಮುಖ ನೋಡಿ "ಯಾಕ್ ಮಗ, ಕಣ್ಣೆಲ್ಲಾ ಕೆಂಪಗವೆ, ಮಲ್ಗಿಲ್ವಾ?" ಅಂದ್ರು. ರಾತ್ರಿ ಕೆಲಸ ಅಜ್ಜಿ, ಈಗ ಮನೆಗೆ ಹೋಗ್ತಿದೀನಿ ಅಂದೆ. "ನಂದೂ ನೈಟ್ ಡೂಟಿನೇಯಾ, ಒಂದ್ ಗಂಟೆಗೆ ಎದ್ದು ಟೆಂಪೋ ಮೇಲೆ ಕುಂತ್ಕಂಡ್ ಬಂದಿವ್ನಿ" ಅಂತ ನಕ್ಕರು.

ಅಲ್ಲೇ ತಲೆಗೆ ಹೊಳೆದಿದ್ದು. ತರಕಾರಿ ವ್ಯಾಪಾರ ಅನ್ನೋದೇ ನೈಟ್ ಶಿಫ್ಟ್. ಸೊಪ್ಪು ಕೀಳೋದು ಹಿಂದಿನ ಸಂಜೆ, ಲೋಡ್ ಆಗೋದು ಮಧ್ಯರಾತ್ರಿ, ಮಾರಾಟ ಶುರುವಾಗೋದು ನಸುಕಲ್ಲಿ. ಊರೆಲ್ಲಾ ಮಲಗಿರೋವಾಗ ಎದ್ದಿರೋದು ಅವರು ಮತ್ತೆ ನಾವು. ಡೇ ಶಿಫ್ಟ್‌ನೋನು ಈ ಮಾಲು ನೋಡ್ಬೇಕು ಅಂದ್ರೆ ಅಲಾರಂ ಇಟ್ಕೊಂಡು ಏಳ್ಬೇಕು, ನಮಗೆ ಮನೆ ದಾರೀಲೇ ಸಿಗತ್ತೆ. ನಾನು ಎರಡು ವರ್ಷ ಸಂಜೆ ಹೊತ್ತು ಹುಡುಕ್ತಿದ್ದೆ ಅಷ್ಟೇ, ತಪ್ಪು ಟೈಮಲ್ಲಿ.

ಕೆಳಗಿರೋದೆಲ್ಲಾ ಬೆಂಗಳೂರು ಲೆಕ್ಕ. ಮೈಸೂರು, ಹುಬ್ಬಳ್ಳಿ, ಮಂಗಳೂರಲ್ಲಿ ಆಸ್ಪತ್ರೆ, ಫ್ಯಾಕ್ಟರಿ ನೈಟ್ ಮಾಡೋರು ಮಾರ್ಕೆಟ್ ಹೆಸರು ಬದಲಾಯಿಸ್ಕೊಳ್ಳಿ ಸಾಕು.

ಹಂತ 1: ಮೊದ್ಲು ನಿಮ್ಮ ದಿನಾನ ಉಲ್ಟಾ ಬರೀರಿ

ಒಂದು ಹಾಳೆ ತಗೊಂಡು ಎದ್ದೇಳೋದನ್ನ "ಬೆಳಗ್ಗೆ" ಅಂತ ಬರೀರಿ, ಅದು ಸಂಜೆ 4 ಆದ್ರೂ ಸರಿ. ನಂದು ಹೀಗಿದೆ: 4ಕ್ಕೆ ಎದ್ದೇಳೋದು, 6:30ರಿಂದ ಅಡುಗೆ, 7:30ಕ್ಕೆ ದೊಡ್ಡ ಊಟ, 8:15ಕ್ಕೆ ಕ್ಯಾಬು, 12:30ಕ್ಕೆ ಡಬ್ಬಿ, 4ಕ್ಕೆ ಏನಾದ್ರೂ ಬಾಯಾಡ್ಸೋಕೆ, 7:30ಕ್ಕೆ ಮಾರ್ಕೆಟ್ಟು, 8:15ಕ್ಕೆ ಮನೆ, 9ಕ್ಕೆ ನಿದ್ದೆ.

ಇದರಲ್ಲಿ ಕೊಳ್ಳೋದಕ್ಕೂ ಬೇಯಿಸೋದಕ್ಕೂ ನಡುವೆ ಹನ್ನೊಂದು ಗಂಟೆ ಗ್ಯಾಪ್ ಇದೆ ನೋಡಿ, ಎಲ್ಲಾರೂ ಎಡವೋದು ಇಲ್ಲೇ. ತಂದ ತಕ್ಷಣ ಬೇಯಿಸ್ತೀನಿ ಅಂತ ಹೊರಟ್ರೆ ನಿದ್ದೆ ಹಾಳು, ತಂದು ಹಾಗೇ ಬಿಸಾಕಿ ಮಲಗಿದ್ರೆ ತರಕಾರಿ ಹಾಳು. ನಾನು ಮೊದಲ ದಿನ ಆ ಅಜ್ಜಿ ಹತ್ರ ತಗೊಂಡ ನಾಲ್ಕು ಕಟ್ಟು ಸೊಪ್ಪನ್ನ ಪ್ಲಾಸ್ಟಿಕ್ ಕವರ್ ಗಂಟು ಹಾಕಿ ಅಡುಗೆಮನೆ ಕಟ್ಟೆ ಮೇಲಿಟ್ಟು ಮಲಗಿದೆ. ಏಪ್ರಿಲ್ ತಿಂಗಳು. ಸಂಜೆ ಬಿಚ್ಚಿದ್ರೆ ಒಳಗೆ ಬೆವರಿ ಬಿಸಿಯಾಗಿ ಕಪ್ಪು ಲೋಳೆ, ವಾಸನೆ ಬೇರೆ. ಅದಕ್ಕೆ ಹಂತ 5 ಇದೆ, ಅದನ್ನ ಮಾತ್ರ ಬಿಡ್ಬೇಡಿ.

ಹಂತ 2: ಲೋಕಲ್ ಅಂದ್ರೆ ಎಲ್ಲಿವರೆಗೆ ಅಂತ ಗೆರೆ ಹಾಕ್ಕೊಳ್ಳಿ

ಇಂಟರ್ನೆಟ್ಟಲ್ಲಿ ಓದಿದ್ರೆ ಇಷ್ಟೇ ಕಿಲೋಮೀಟರ್ ಒಳಗಿಂದು ಮಾತ್ರ ತಿನ್ನಿ ಅಂತ ಏನೇನೋ ಇರತ್ತೆ. ಅದು ನಮ್ಮ ಅಡುಗೆಗೆ ಆಗೋ ಮಾತಲ್ಲ, ಇಂಗು ಇಲ್ದೆ ಸಾರು ಮಾಡೋಕಾಗತ್ತಾ? ನಾನು ಎರಡು ಸುತ್ತು ಇಟ್ಕೊಂಡಿದೀನಿ. ಬಾಡೋವಂಥದ್ದು, ಅಂದ್ರೆ ಸೊಪ್ಪು, ತರಕಾರಿ, ಹಾಲು, ಹಣ್ಣು, ಇವೆಲ್ಲಾ ಆದಷ್ಟೂ ಬೆಂಗಳೂರು ಸುತ್ತಮುತ್ತ: ಹಾರೋಹಳ್ಳಿ, ಕನಕಪುರ, ಆನೇಕಲ್, ಹೊಸಕೋಟೆ, ದೊಡ್ಡಬಳ್ಳಾಪುರ, ಮಾಲೂರು, ಕೋಲಾರ, ಚಿಕ್ಕಬಳ್ಳಾಪುರ. ಕೆಡದೆ ಇರೋವಂಥದ್ದು ರಾಜ್ಯದೊಳಗಿಂದು ಆದ್ರೆ ಸಾಕು: ಕಲಬುರಗಿ ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಮಂಡ್ಯ ಬೆಲ್ಲ, ಸಿಂಧನೂರು ಗಂಗಾವತಿ ಕಡೆ ಸೋನಾಮಸೂರಿ, ಚಿಕ್ಕಮಗಳೂರು ಇಲ್ಲಾ ಕೊಡಗಿನ ಕಾಫಿ. ಮಿಕ್ಕಿದ್ದು ಎಲ್ಲಿಂದಾದ್ರೂ ಬರ್ಲಿ. ಎಣ್ಣೆ ಸೋಪು ಟಿಶ್ಯೂ ಪೇಪರ್‌ಗೆ ನಾನೂ ಆಪ್ ಬಳಸ್ತೀನಿ, ನಾಚಿಕೆ ಏನಿಲ್ಲ.

ಹಂತ 3: ಮನೆ ದಾರೀಲಿರೋ ಒಂದೇ ಮಾರ್ಕೆಟ್ ಹಿಡೀರಿ

ಉತ್ಸಾಹದಲ್ಲಿ ಕೆಆರ್ ಮಾರ್ಕೆಟ್‌ಗೇ ಹೋಗ್ತೀನಿ ಅಂತ ಶುರು ಮಾಡ್ಬೇಡಿ. ಬೆಳಗಿನ ಜಾವ 4 ಗಂಟೆಗೆ ಅಲ್ಲಿ ಹೂವಿನ ರಾಶಿ ನೋಡೋದೇ ಒಂದು ಚಂದ, ಆದ್ರೆ ಒಂಬತ್ತು ಗಂಟೆ ಕೆಲಸ ಮಾಡಿ ಆ ಜನ, ಆ ಕೆಸರು, ಆ ಕೂಲಿಯವರ "ಸೈಡ್ ಸೈಡ್" ಮಧ್ಯೆ ನುಗ್ಗೋಕೆ ಶಕ್ತಿ ಬೇಕು. ಯಶವಂತಪುರ ಎಪಿಎಂಸಿ ಮೂಟೆ ಲೆಕ್ಕದ ವ್ಯಾಪಾರ, ಒಂದು ಮನೆಗೆ ಅದು ಆಗ್ಬರಲ್ಲ. ನಿಮ್ಮ ಕ್ಯಾಬ್ ರೂಟಲ್ಲಿ ಯಾವುದು ಬರತ್ತೆ ನೋಡಿ. ಹೊಸೂರು ರೋಡ್ ಕಡೆಯೋರಿಗೆ ಮಡಿವಾಳ, ಕನಕಪುರ ರೋಡ್ ಕಡೆಯೋರಿಗೆ ಸರಕ್ಕಿ, ಬಸವನಗುಡಿಯೋರಿಗೆ ಗಾಂಧಿ ಬಜಾರ್, ಮಲ್ಲೇಶ್ವರದೋರಿಗೆ 8ನೇ ಕ್ರಾಸ್ ಕಡೆ, ಶಿವಾಜಿನಗರದೋರಿಗೆ ರಸೆಲ್ ಮಾರ್ಕೆಟ್.

ಮೆಟ್ರೋ ಹಳದಿ ಲೈನ್ 2025ರ ಆಗಸ್ಟ್‌ನಲ್ಲಿ ಶುರುವಾದ್ಮೇಲೆ ನನಗಂತೂ ಜೀವನ ಸುಲಭ ಆಯ್ತು, ಎಲೆಕ್ಟ್ರಾನಿಕ್ ಸಿಟೀಲಿ ಹತ್ತಿ ಆರ್‌ವಿ ರೋಡಲ್ಲಿ ಹಸಿರು ಲೈನ್‌ಗೆ ಬದಲಾಯಿಸಿ ಜೆಪಿ ನಗರದಲ್ಲಿ ಇಳಿದ್ರೆ ಮಾರ್ಕೆಟ್ ಹತ್ರಾನೇ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಕ್ಯಾಬ್ ಒಳಗೆ ಬಾಯಿ ತೆಕ್ಕೊಂಡು ನಿದ್ದೆ ಹೊಡೆಯೋದು ತಪ್ತು.

ಎರಡು ಮಾತು ಇಲ್ಲಿ ಸೀರಿಯಸ್ಸಾಗಿ. ಒಂದು, ಶಿಫ್ಟ್ ಮುಗಿಸಿ ಬೈಕ್ ಓಡಿಸ್ಕೊಂಡು ದೂರದ ಮಾರ್ಕೆಟ್‌ಗೆ ಹೋಗ್ಬೇಡಿ. ಬೆಳಗ್ಗೆ 7 ಗಂಟೆ ಬಿಸಿಲಲ್ಲಿ ಕಣ್ಣು ಒಂದು ಸೆಕೆಂಡ್ ಮುಚ್ಚಿದ್ದು ನಮಗೇ ಗೊತ್ತಾಗಲ್ಲ, ಎರಡು ಕಟ್ಟು ಸೊಪ್ಪಿಗೋಸ್ಕರ ಅದು ಬೇಡ. ಎರಡು, ನಮ್ಮ ಟೀಮಿನ ಹುಡುಗಿಯರು ಹೇಳೋದು: "ನಿಮಗೇನು, ಎಲ್ಲಿ ಬೇಕಾದ್ರೂ ಇಳೀತೀರ, ನಮ್ಮನ್ನ ಮನೆ ಬಾಗಿಲಿಗೇ ಬಿಡ್ಬೇಕು ಅಂತ ರೂಲು, ಮಧ್ಯ ಇಳಿಸಲ್ಲ." ನಿಜ. ಅವರು ಕಂಡ್ಕೊಂಡಿರೋ ದಾರಿ ತಳ್ಳೋಗಾಡಿ. ಬೆಳಗ್ಗೆ 7:30ರಿಂದ 9ರ ಒಳಗೆ ಬಹಳ ಬಡಾವಣೆಗಳಲ್ಲಿ ಸೊಪ್ಪಿನ ಗಾಡಿ ಬರತ್ತೆ, ಗಾಡಿ ಅಣ್ಣನೂ ನಸುಕಲ್ಲಿ ಮಾರ್ಕೆಟ್ಟಿಂದಾನೇ ತುಂಬ್ಕೊಂಡು ಬಂದಿರ್ತಾನೆ. ನಂಬರ್ ಇಸ್ಕೊಂಡು ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಬೇಕಾದ್ದು ಹೇಳಿಬಿಟ್ರೆ ಎತ್ತಿಟ್ಟಿರ್ತಾನೆ, ನೀವು ಎಚ್ಚರ ಇಲ್ದಿದ್ರೆ ಓನರ್ ಆಂಟಿ ಹತ್ರ ಕೊಟ್ಟು ಹೋಗ್ತಾನೆ. (ಇದೇ ಗಾಡಿ ಜನಾಂಗದ ಇನ್ನೊಂದು ತಳಿ, ಆಟೋ ಮೇಲೆ ಮೈಕ್ ಕಟ್ಕೊಂಡು ಬೆಳಗ್ಗೆ 11ಕ್ಕೆ "ಈರುಳ್ಳಿ ಈರುಳ್ಳಿ ಈರುಳ್ಳಿ" ಅಂತ ರೆಕಾರ್ಡಿಂಗ್ ಹಾಕೋನು, ಅವನ ಹತ್ರ ಮಾತ್ರ ನಾನು ಈ ಜನ್ಮದಲ್ಲಿ ಏನೂ ಕೊಳ್ಳಲ್ಲ.)

ಮಾರ್ಕೆಟ್ ಸಹವಾಸವೇ ಬೇಡ ಅನ್ನೋರಿಗೆ ಹಾಪ್‌ಕಾಮ್ಸ್ ಇದೆ. ಹಣ್ಣು ತರಕಾರಿ ಮಾರೋ ಸಹಕಾರಿ ಅಂಗಡಿಗಳು, 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಅಂತ ಶುರುವಾದದ್ದು, ರೈತರ ಹತ್ರ ನೇರ ಕೊಂಡು ಮಾರ್ತಾರೆ, ರೇಟ್ ಬೋರ್ಡಲ್ಲಿ ಬರೆದಿರತ್ತೆ, ಚೌಕಾಸಿ ತಲೆನೋವಿಲ್ಲ. ಸೊಪ್ಪು ಎಲ್ಲಾ ಅಂಗಡೀಲೂ ಚೆನ್ನಾಗಿರಲ್ಲ, ನನ್ನ ಅನುಭವದಲ್ಲಿ ಅಲ್ಲಿ ಹಣ್ಣು, ಗೆಡ್ಡೆ, ಕುಂಬಳಕಾಯಿ ತಗೊಳ್ಳೋದು ಲಾಭ.

ಹಂತ 4: ಮಾರ್ಕೆಟ್ ಒಳಗೆ ಇಪ್ಪತ್ತೈದೇ ನಿಮಿಷ

ನಿದ್ದೆಗೆಟ್ಟ ತಲೆ ಅಂಗಡಿಯಲ್ಲಿ ಬಹಳ ಅಪಾಯ. ನಾನೊಮ್ಮೆ ಅರ್ಧ ಕೆಜಿ ಅಂತ ಹೇಳೋಕೆ ಹೋಗಿ ಟೊಮ್ಯಾಟೊ ಗುಡ್ಡೆಗೆ ಗುಡ್ಡೇನೇ ತಗೊಂಡು ಬಂದು ಒಂದು ವಾರ ಗೊಜ್ಜು ತಿಂದಿದೀನಿ. ಅದಕ್ಕೆ ಪಟ್ಟಿ ರಾತ್ರಿ ಬ್ರೇಕಲ್ಲೇ ಬರ್ಕೊಳ್ಳಿ, ಬೆಳಗ್ಗೆ ಅದನ್ನ ಓದೋದು ಅಷ್ಟೇ ಕೆಲಸ. ಪಟ್ಟಿ ಆರು ದಿನದ್ದು, ವಾರಕ್ಕೆ ಎರಡು ಸಲ ಹೋಗೋದಾದ್ರೆ ಮೂರ್ಮೂರು ದಿನದ್ದು.

ಒಳಗೆ ಹೋದ್ಮೇಲೆ ಮೊದ್ಲು ಸುಮ್ನೆ ಒಂದು ರೌಂಡ್ ಹಾಕಿ, ಏನೂ ತಗೋಬೇಡಿ. ಯಾವ ತರಕಾರಿ ಐದಾರು ಜನರ ಹತ್ರ ರಾಶಿ ರಾಶಿ ಇದ್ಯೋ ಅದೇ ಈಗಿನ ಸೀಸನ್ನು, ಅದೇ ಹತ್ತಿರದಿಂದ ಬಂದಿರೋದು, ಅದೇ ಅಗ್ಗ. ಆಮೇಲೆ ಒಂದೇ ಪ್ರಶ್ನೆ ಕೇಳಿ, "ಇದು ಯಾವ ಕಡೆ ಮಾಲಣ್ಣ?" ಹಾರೋಹಳ್ಳಿದು, ಮಾಲೂರದು, ಊಟಿದು, ನಾಸಿಕ್ಕಿಂದು ಅಂತ ಮುಚ್ಚುಮರೆ ಇಲ್ದೆ ಹೇಳ್ತಾರೆ. ಸೂಪರ್ ಮಾರ್ಕೆಟ್ಟಲ್ಲಿ ಇದನ್ನ ಕೇಳಿ ನೋಡಿ, ಪಾಪ ಆ ಹುಡುಗ ಸ್ಟಿಕ್ಕರ್ ತಿರುಗಿಸಿ ಓದ್ತಾನೆ.

ನಾಟಿ, ಫಾರಂ ಅನ್ನೋ ವ್ಯತ್ಯಾಸ ಕಲೀರಿ. ನಾಟಿ ಟೊಮ್ಯಾಟೊ ಚಪ್ಪಟೆ, ಗೀರು ಗೀರಾಗಿ, ಹುಳಿ ಜಾಸ್ತಿ, ಸಾರಿಗೆ ಅದೇ ಬೇಕು, ಆದ್ರೆ ಎರಡು ಮೂರು ದಿನಕ್ಕೆ ಮೆತ್ತಗಾಗತ್ತೆ. ಫಾರಂದು ಗಟ್ಟಿ, ವಾರ ಇರತ್ತೆ. ನನ್ನಂಥೋನು ಅರ್ಧ ಅರ್ಧ ತಗೋಬೇಕು. ನಾಟಿ ಕೊತ್ತಂಬರಿ ಕಟ್ಟು ನೋಡೋಕೆ ಚಿಕ್ಕದು, ಗಿಡ ಕುಳ್ಳು, ಆದ್ರೆ ಬ್ಯಾಗೊಳಗಿದ್ರೆ ಇಡೀ ಮೆಟ್ರೋ ಬೋಗಿ ಘಮ್ ಅನ್ನತ್ತೆ.

ಬೇಗ ಹೋದ್ರೆ ಬೋಣಿ ವಿಷಯ ಗೊತ್ತಿರ್ಲಿ. ಮೊದಲ ಗಿರಾಕಿ ನೀವೇ ಆಗಿದ್ರೆ ತೀರಾ ಚೌಕಾಸಿ ಮಾಡಿ ಏನೂ ಕೊಳ್ಳದೆ ಹೋಗ್ಬೇಡಿ, ಅವರಿಗೆ ಮನಸ್ಸಿಗೆ ಆಗಲ್ಲ. ಬೋಣಿ ದುಡ್ಡು ಕೈಯಲ್ಲಿ ಬಂದ್ರೆ ಖುಷಿ, ಕಣ್ಣಿಗೊತ್ಕೊಂಡು ಇಟ್ಕೋತಾರೆ, ಫೋನ್‌ಪೇ ಶಬ್ದಕ್ಕೆ ಕಣ್ಣಿಗೊತ್ಕೊಳ್ಳೋಕಾಗಲ್ವಲ್ಲ. ಹತ್ತು ಇಪ್ಪತ್ತರ ಚಿಲ್ಲರೆ ಒಂದಿಷ್ಟು ಇಟ್ಕೊಂಡಿರಿ. ಸೊಪ್ಪಿನೋರ ಹತ್ರ ನಾನು ಚೌಕಾಸಿ ಮಾಡೋದೇ ಇಲ್ಲ, ಮೂರು ಕಟ್ಟು ತಗೊಂಡ್ರೆ ಅವರೇ ಒಂದು ಹಿಡಿ ಕರಿಬೇವು ಹಾಕ್ತಾರೆ. 8:30 ಆಗ್ತಾ ಆಗ್ತಾ ಊರಿಂದ ಬಂದಿರೋ ರೈತರು ಚೀಲ ಮಡಚೋಕೆ ಶುರು ಮಾಡ್ತಾರೆ, ಆಗ ಉಳಿದಿದ್ದನ್ನ ಕಡಿಮೆಗೆ ಕೊಡ್ತಾರೆ ನಿಜ, ಆದ್ರೆ ಅದಕ್ಕೆ ಕಾದ್ರೆ ನಿಮ್ಮ ನಿದ್ದೆ ಹೋಯ್ತು.

ಹಂತ 5: ಮಲಗೋ ಮುಂಚಿನ ಹದಿನೈದು ನಿಮಿಷ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಪಾಲಿಸ್ತೀನಿ ಅಂದ್ರೆ ಇದನ್ನ ಪಾಲಿಸಿ. ಮನೆಗೆ ಬಂದ ತಕ್ಷಣ ಮಂಚದ ಮೇಲೆ ಕೂರ್ಬೇಡಿ, ಕೂತ್ರೆ ಮುಗೀತು. ನೆಲದ ಮೇಲೆ ಪೇಪರ್ ಹಾಸಿ ಚೀಲ ಸುರೀರಿ. ಸೊಪ್ಪಿನ ಕಟ್ಟು ಬಿಚ್ಚಿ, ಬಾಳೆನಾರೋ ದಾರಾನೋ ತೆಗೆದು, ಕೊಳೆತ ಎಲೆ ಕಿತ್ತು, ಬೇರಿನ ಮಣ್ಣು ಕೊಡವಿ. ತೊಳೀಬೇಡಿ, ಸೊಪ್ಪು ಒದ್ದೆ ಆಗಿ ಫ್ರಿಜ್ ಒಳಗೆ ಹೋದ್ರೆ ಕೊಳೆಯತ್ತೆ. ಮಾರ್ಕೆಟ್ಟಲ್ಲಿ ನೀರು ಚಿಮುಕಿಸಿರ್ತಾರೆ, ಅದು ಆರೋಕೆ ಫ್ಯಾನ್ ಕೆಳಗೆ ಐದು ನಿಮಿಷ ಹರವಿ, ಅಷ್ಟರಲ್ಲಿ ನೀವು ಮುಖ ತೊಳೆದು ಬನ್ನಿ. ಆಮೇಲೆ ಹಳೇ ಕಾಟನ್ ಪಂಚೆ ತುಂಡಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ಕೆಳಗಿನ ಡ್ರಾಯರ್. ಹಸಿಮೆಣಸಿನಕಾಯಿ ತೊಟ್ಟು ತೆಗೆದು ಒಣ ಡಬ್ಬಿಗೆ. ಟೊಮ್ಯಾಟೊ ಫ್ರಿಜ್ಜಿಗೆ ಬೇಡ, ಹೊರಗೆ ಬುಟ್ಟೀಲಿ. ಈರುಳ್ಳಿ ಆಲೂಗಡ್ಡೆ ಬೇರೆ ಬೇರೆ ಬುಟ್ಟಿ, ಒಟ್ಟಿಗಿಟ್ರೆ ಆಲೂ ಬೇಗ ಮೊಳಕೆ ಬರತ್ತೆ.

ಫ್ರಿಜ್ ಇಲ್ದೆ ಪಿಜಿಯಲ್ಲೋ ರೂಮಲ್ಲೋ ಇರೋರು ಸೊಪ್ಪಿನ ಬುಡನ ಒಂದು ಚೊಂಬು ನೀರಲ್ಲಿ ಹೂವಿನ ಥರ ನಿಲ್ಲಿಸಿ ಮೇಲೆ ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿಡಿ, ಸಂಜೆವರೆಗೆ ಆರಾಮಾಗಿ ಇರತ್ತೆ.

ತಿನ್ನೋ ಸರದಿನೂ ಇಲ್ಲೇ ತೀರ್ಮಾನ ಮಾಡಿ. ಮೊದಲೆರಡು ದಿನ ಸೊಪ್ಪು, ಆಮೇಲೆ ಬೆಂಡೆ ಬದನೆ ಬೀನ್ಸು, ವಾರದ ಕೊನೆಗೆ ಸೀಮೆಬದನೆ, ಸೋರೆ, ಕುಂಬಳ, ಗೆಡ್ಡೆ. ಎಷ್ಟೋ ಸಲ ನಾವು ಹಾಳು ಮಾಡೋದು ತರಕಾರಿ ಜಾಸ್ತಿ ಆಗಿ ಅಲ್ಲ, ಕುಂಬಳಕಾಯಿ ಮೊದ್ಲು ತಿಂದು ಸೊಪ್ಪು ಕೊನೆಗೆ ಇಟ್ಕೊಂಡು.

ಹಂತ 6: ಸಂಜೆ ಒಂದೇ ಒಲೆ, ಒಂದೇ ಬೇಯಿಸೋದು, ಎರಡು ಅಡುಗೆ

ನಮ್ಮ ಹಳೇ ಮೈಸೂರು ಕಡೆಯೋರು ಬಸ್ಸಾರನ್ನ ನೈಟ್ ಶಿಫ್ಟ್‌ನೋರಿಗೋಸ್ಕರವೇ ಕಂಡುಹಿಡಿದಿದಾರೆ ಅಂತ ನನ್ನ ನಂಬಿಕೆ. ಅರ್ಧ ಲೋಟ ಹೆಸರುಕಾಳು ಇಲ್ಲಾ ಅಲಸಂದೆ ಕಾಳು ಮುಕ್ಕಾಲು ಬೆಂದ್ಮೇಲೆ, ಎರಡು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಹಾಕಿ, ಮುಚ್ಚದೆ ಐದಾರು ನಿಮಿಷ. ನೀರು ಧಾರಾಳವಾಗಿರ್ಲಿ. ಆಮೇಲೆ ಬಸೀರಿ, ಆ ಕಟ್ಟನ್ನ, ಅಂದ್ರೆ ಬಸಿದ ನೀರನ್ನ, ಅಪ್ಪಿತಪ್ಪಿ ಸಿಂಕಿಗೆ ಚೆಲ್ಬೇಡಿ (ನನ್ನ ರೂಮ್‌ಮೇಟ್ ಒಮ್ಮೆ "ನೀರು ಬಸಿದು ಕೊಟ್ಟೆ ನೋಡು ಗುರು" ಅಂತ ಪೂರ್ತಿ ಚೆಲ್ಲಿ ಸಹಾಯ ಮಾಡಿದ್ದ). ಒಂದು ಬಾಣಲೇಲಿ ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಸಾರಿನ ಪುಡಿ, ಒಂದು ಹಿಡಿ ತೆಂಗಿನತುರಿ, ಚೂರು ಹುಣಸೆಹಣ್ಣು, ಕೊತ್ತಂಬರಿ, ಜೊತೆಗೆ ಬೆಂದ ಕಾಳು ಸೊಪ್ಪು ಎರಡು ಸೌಟು, ಎಲ್ಲಾ ಸೇರಿಸಿ ನುಣ್ಣಗೆ ರುಬ್ಬಿ ಬಸಿದ ಕಟ್ಟಿಗೆ ಹಾಕಿ ಕುದಿಸಿದ್ರೆ ಸಾರು. ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿತುರಿ, ಅದು ಪಲ್ಯ. ಮುಕ್ಕಾಲು ಗಂಟೆ ಹಿಡಿಯತ್ತೆ, ಸಾರು ಫ್ರಿಜ್ಜಲ್ಲಿಟ್ರೆ ನಾಳೆಗೂ ಆಗತ್ತೆ, ನಾಳೆ ಇನ್ನೂ ರುಚಿ.

ದಂಟಿನ ಬದ್ಲು ಹರಿವೆ, ಸಬ್ಬಸಿಗೆ, ನುಗ್ಗೆ ಸೊಪ್ಪು, ಬೆರಕೆ ಸೊಪ್ಪು ಯಾವುದಾದ್ರೂ ಸರಿ. ಮೆಂತ್ಯ ಒಂದೇ ಹಾಕ್ಬೇಡಿ, ಕಟ್ಟೆಲ್ಲಾ ಕಹಿ.

7:30ಕ್ಕೆ ಮುದ್ದೆ ಜೊತೆ ಇದೇ ನನ್ನ ದಿನದ ದೊಡ್ಡ ಊಟ. ದೊಡ್ಡ ಊಟ ಯಾಕೆ ಹೊರಡೋಕೆ ಮುಂಚೆ ಅಂದ್ರೆ, ನಾವು ಎಚ್ಚರ ಇದ್ರೂ ದೇಹದೊಳಗಿನ ಗಡಿಯಾರ ರಾತ್ರೀನ ರಾತ್ರಿ ಅಂತಾನೇ ಲೆಕ್ಕ ಹಾಕತ್ತೆ, ನಡುರಾತ್ರಿ ತಿಂದ ಅದೇ ಅನ್ನಕ್ಕೆ ರಕ್ತದ ಸಕ್ಕರೆ ಹಗಲಿಗಿಂತ ಜಾಸ್ತಿ ಏರತ್ತೆ. 2 ಗಂಟೆ ಫ್ರೈಡ್ ರೈಸ್ ತಿಂದು 3ಕ್ಕೆ ಕೀಬೋರ್ಡ್ ಮೇಲೆ ಬೀಳೋದು, ಎದೆ ಉರಿ, ಎಲ್ಲಾ ಅನುಭವಿಸಿದ್ದೇ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಮಾತ್ರ ಊಟದ ಟೈಮ್ ಬದಲಾಯಿಸೋ ಮುಂಚೆ ಡಾಕ್ಟರ್ ಹತ್ರ ಕೇಳ್ಕೊಳ್ಳಿ.

ಹಂತ 7: ರಾತ್ರಿ ಡಬ್ಬಿ

12:30ಕ್ಕೆ ಹಗುರ ಊಟ. ನನ್ನ ಖಾಯಂ ಮೊಸರನ್ನ, ಆದ್ರೆ ಮೊಸರು ಕಲಸ್ಕೊಂಡು ಹೋದ್ರೆ ನಡುರಾತ್ರಿಗೆ ಹುಳಿ ಬಂದಿರತ್ತೆ. ಅಮ್ಮ ಬಸ್ ಪ್ರಯಾಣಕ್ಕೆ ಮಾಡ್ತಿದ್ದ ಉಪಾಯ ಮಾಡಿ: ಅನ್ನ ಬಿಸಿ ಇರೋವಾಗ್ಲೇ ಚೆನ್ನಾಗಿ ಹಿಸುಕಿ, ಉಗುರುಬೆಚ್ಚಗಿನ ಹಾಲು ಧಾರಾಳವಾಗಿ ಹಾಕಿ ತೆಳ್ಳಗೆ ಮಾಡಿ, ಅದು ಆರಿದ್ಮೇಲೆ ಒಂದು ಚಮಚ ಮಾತ್ರ ಮೊಸರು, ಉಪ್ಪು, ಶುಂಠಿ, ಕರಿಬೇವಿನ ಒಗ್ಗರಣೆ. ಡಬ್ಬಿ ಒಳಗೇ ನಿಧಾನಕ್ಕೆ ಹೆಪ್ಪಾಗ್ತಾ ಬಂದು ಬ್ರೇಕ್ ಹೊತ್ತಿಗೆ ಹದಕ್ಕೆ ಬಂದಿರತ್ತೆ. ಚಳಿಗಾಲಕ್ಕೆ ಮೊಸರು ಅರ್ಧ ಚಮಚ ಜಾಸ್ತಿ. ಬೇಜಾರಾದ ದಿನ ಗೊಜ್ಜವಲಕ್ಕಿ, ಅದು ಕೆಡೋ ಭಯನೂ ಇಲ್ಲ.

4 ಗಂಟೆ ಹಸಿವು ನಿಜವಾದ ಶತ್ರು, ವೆಂಡಿಂಗ್ ಮಷೀನ್ ಚಿಪ್ಸು ಕರೆಯೋ ಹೊತ್ತು. ಡೆಸ್ಕ್ ಡ್ರಾಯರಲ್ಲಿ ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ, ಚೂರು ಬೆಲ್ಲ, ಜೊತೆಗೆ ಎರಡು ಏಲಕ್ಕಿ ಬಾಳೆಹಣ್ಣು. ಕಾಫಿ ನಾನು 2 ಗಂಟೆಗೆ ನಿಲ್ಲಿಸ್ತೀನಿ, ಯಾಕಂದ್ರೆ ಕುಡಿದ ಕೆಫೀನಲ್ಲಿ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, 5ಕ್ಕೆ ಕುಡಿದ್ರೆ 9ಕ್ಕೆ ಮಲಗಿ ಫ್ಯಾನ್ ಎಣಿಸ್ಬೇಕು.

ಹಂತ 8: ಬೆಳಗ್ಗೆ ಮಲಗೋಕೆ ಅಂಬಲಿ

ಇದಕ್ಕೆ ರಾತ್ರಿ ಹೊರಡೋ ಮುಂಚೆ ಐದು ನಿಮಿಷ ಕೆಲಸ ಇದೆ. ಮೂರು ಚಮಚ ರಾಗಿ ಹಿಟ್ಟನ್ನ ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ದೆ ಕಲಸಿ, ಕುದೀತಿರೋ ಎರಡು ಲೋಟ ನೀರಿಗೆ ಸುರಿದು, ಕೈ ಬಿಡದೆ ತಿರುವಿ, ಹಸಿ ವಾಸನೆ ಹೋಗಿ ಹೊಳಪು ಬರೋವರೆಗೆ ಸಣ್ಣ ಉರೀಲಿ ಬೇಯಿಸಿ. ಮುಚ್ಚಿಟ್ಟು ಹೋಗಿ. ಬೆಳಗ್ಗೆ ಬರೋ ಹೊತ್ತಿಗೆ ತಣ್ಣಗೆ, ಬೇಸಿಗೇಲಿ ಸ್ವಲ್ಪ ಹುಳಿಯೂ ಹಿಡಿದಿರತ್ತೆ. ನೀರು ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಒಂದು ಲೋಟ. ಹೊಟ್ಟೆ ಭಾರ ಇಲ್ಲ, ಹಸಿವಿಗೆ ಮಧ್ಯಾಹ್ನ ಎಚ್ಚರ ಆಗಲ್ಲ. ಹಗಲು ಮಲಗಿ ಬಿಸಿಲೇ ಕಾಣದ ನಮ್ಮ ಮೂಳೆಗೆ ರಾಗಿ ಸ್ವಲ್ಪ ಆಸರೆ ಅಂತಾನೂ ನನ್ನ ಲೆಕ್ಕ, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಆದ್ರೂ ಸಂಜೆ ಎದ್ದ ತಕ್ಷಣ ಟೆರೇಸಿಗೆ ಹೋಗಿ ಉಳಿದಿರೋ ಬಿಸಿಲಲ್ಲಿ ನಿಲ್ಲಿ.

ಹಾಲಿಗೆ ತಲೆ ಕೆಡಿಸ್ಕೊಳ್ಳೋದೇ ಬೇಡ, ನಂದಿನಿ ಬೂತ್‌ನೋರು ನಮಗಿಂತ ಮುಂಚೆ ಎದ್ದಿರ್ತಾರೆ.

ಹಂತ 9: ಕೆಡದ ಸಾಮಾನು ತಿಂಗಳಿಗೊಂದ್ಸಲ

ಹಿಟ್ಟಿನ ಗಿರಣಿ ಸಂಜೆ 5ರಿಂದ 8ರವರೆಗೆ ತೆಗೆದಿರತ್ತೆ, ನಮ್ಮ "ಬೆಳಗ್ಗೆ". ಇಡೀ ರಾಗಿ ಐದು ಕೆಜಿ ತಗೊಂಡು, ವೀಕ್ ಆಫ್ ದಿನ ಕಲ್ಲು ಆರಿಸಿ ತೊಳೆದು ಒಣಗಿಸಿ ಬೀಸಿಸ್ಕೊಳ್ಳಿ. ಇಡೀ ದೇಶದ ರಾಗೀಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯೋದು ಕರ್ನಾಟಕನೇ, ಇದಕ್ಕಿಂತ ಲೋಕಲ್ ಧಾನ್ಯ ಸಿಗಲ್ಲ. ಹುಳ ಹಿಡಿಯಲ್ಲ ಅಂತ ಹಿಂದೆ ಹಗೇವಲ್ಲಿ (ನೆಲದೊಳಗೆ ತೋಡಿದ ಕಣಜ) ವರ್ಷಗಟ್ಟಲೆ ಇಡ್ತಿದ್ರು, ನಿಮ್ಮ ಸ್ಟೀಲ್ ಡಬ್ಬೀಲಿ ಒಂದು ತಿಂಗಳು ಇರೋಕೇನು. ಹಿಟ್ಟು ಮಾತ್ರ ಒಂದೂವರೆ ತಿಂಗಳಿಗಿಂತ ಜಾಸ್ತಿ ಇಡ್ಬೇಡಿ, ಕಮಟು ಬರತ್ತೆ.

ಸೀಸನ್ ಪಟ್ಟಿ ಫ್ರಿಜ್ ಮೇಲೆ ಅಂಟಿಸಿ

ಏಪ್ರಿಲಿಂದ ಜುಲೈ ಮಾವು, ಹಲಸು: ಶ್ರೀನಿವಾಸಪುರ, ರಾಮನಗರದ ಕಡೆ ಮಾವು. ಜೂನ್ ಜುಲೈ ನೇರಳೆ. ಆಗಸ್ಟಿಂದ ಸೀತಾಫಲ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ, ಅವತ್ತು ಸಂಜೆ ಎದ್ದು ನೇರ ಅಲ್ಲಿಗೆ ಹೋಗಿ ಐದು ಸೇರು ಹಸಿ ಕಡಲೆಕಾಯಿ ತಂದು ಬೇಯಿಸಿ ಆಫೀಸಿಗೆ ಹೊತ್ಕೊಂಡು ಹೋಗೋದು ನಮ್ಮ ಟೀಮಿನ ಸಂಪ್ರದಾಯ ಆಗ್ಬಿಟ್ಟಿದೆ. ನವೆಂಬರಿಂದ ಫೆಬ್ರವರಿವರೆಗೆ ಅವರೇಕಾಯಿ. ಅದನ್ನ ಮಾತ್ರ ನಿದ್ದೆಗಣ್ಣಲ್ಲಿ ಕೊಳ್ಬೇಡಿ, ಕಾಯಿ ಮುಟ್ಟಿದ್ರೆ ಕೈಗೆ ಎಣ್ಣೆ ಥರ ಅಂಟಿ ಆ ಸೊಗಡು ಬರ್ಬೇಕು, ಸೊಗಡಿಲ್ದೆ ಇರೋ ಅವರೆ ಬರೀ ಬೀನ್ಸು. ಬಿಡಿಸೋಕೆ ಟೈಮಿಲ್ಲ ಅಂದ್ರೆ ಬಿಡಿಸಿದ ಕಾಳು, ಹಿತಕಿದ ಬೇಳೆ ಎರಡೂ ಮಾರ್ಕೆಟ್ಟಲ್ಲೇ ಮಾರ್ತಾರೆ, ದುಬಾರಿ, ಆದ್ರೂ ತಗೊಳ್ಳಿ, ಬೆಳಗ್ಗೆ 8:30ಕ್ಕೆ ಅವರೆ ಹಿತುಕ್ತಾ ಕೂರೋ ಹುಚ್ಚು ಬೇಡ.

ಹೊರಗೆ ತಿನ್ನೋ ದಿನ

ವಾರದಲ್ಲಿ ಎರಡು ದಿನವಾದ್ರೂ ಅಡುಗೆ ಆಗಲ್ಲ, ಒಪ್ಕೊಂಡುಬಿಡಿ. ಬೆಳಗ್ಗೆ 6, 6:30ಕ್ಕೆ ದರ್ಶಿನಿಗಳಲ್ಲಿ ಮೊದಲ ಇಡ್ಲಿ ಪಾತ್ರೆ ಇಳಿಯತ್ತೆ, ಅದು ದಿನದ ಅತ್ಯುತ್ತಮ ಇಡ್ಲಿ, ಸಿಗೋದು ವಾಕಿಂಗ್ ತಾತಂದಿರಿಗೆ ಮತ್ತೆ ನಮಗೆ. ಎರಡು ಇಡ್ಲಿ, ಚಟ್ನಿ, ವಡೆ ಬೇಡ, ಕಾಫಿ ಬದ್ಲು ಬಾದಾಮಿ ಹಾಲು. ರಾತ್ರಿ ಟೆಕ್ ಪಾರ್ಕ್ ಗೇಟಿನ ಹೊರಗಿನ ಗಾಡಿಗಳಲ್ಲಿ ಎಗ್ ರೈಸ್, ಮ್ಯಾಗಿ ಬಿಟ್ರೆ ಸಿಗೋದು ಕಷ್ಟ, ಅಲ್ಲಿ ನಾನು ಎರಡು ಬೇಯಿಸಿದ ಮೊಟ್ಟೆಗೆ ಉಪ್ಪು ಮೆಣಸು ಹಾಕಿಸ್ಕೊಂಡು ಬರ್ತೀನಿ. ಮುದ್ದೆ ಊಟದ ಹೋಟ್ಲುಗಳು ಮಧ್ಯಾಹ್ನ 12ಕ್ಕೆ ಜೋರಾಗಿ ನಡಿಯೋದು, ನಾವಾಗ ಗೊರಕೆ ಹೊಡೀತಿರ್ತೀವಿ, ವೀಕ್ ಆಫ್‌ಗೆ ಇಟ್ಕೊಳ್ಳಿ.

ರೋಸ್ಟರ್ ಬದಲಾದಾಗ

ಎರಡು ವಾರ ನೈಟು ಎರಡು ವಾರ ಡೇ ಇರೋರು ಬದಲಾಗೋ ಹಿಂದಿನ ಮೂರು ದಿನ ಹೊಸ ಸೊಪ್ಪು ತರ್ಬೇಡಿ, ಇರೋ ಗೆಡ್ಡೆ ಕುಂಬಳ ಖಾಲಿ ಮಾಡಿ, ಬದಲಾದ ಮೊದಲೆರಡು ದಿನ ಅಂಬಲಿ, ಮೊಸರನ್ನ, ಅಕ್ಕಿರೊಟ್ಟಿ ಇಷ್ಟರಲ್ಲೇ ಕಳೀರಿ, ಹೊಟ್ಟೆಗೂ ಗೊಂದಲ ಆಗಿರತ್ತೆ. ಡೇ ಶಿಫ್ಟಲ್ಲಿ ಮಾರ್ಕೆಟ್ ಹೇಗೆ ಅಂದ್ರೆ ಭಾನುವಾರ ಒಂದೇ ದಾರಿ, ಆದ್ರೆ ಭಾನುವಾರ ಮೆಟ್ರೋ ಮೊದಲ ಗಾಡಿ ತಡ, ಬಿಎಂಟಿಸಿ ನೋಡ್ಕೊಳ್ಳಿ. ನನಗೆ ಮುಂದಿನ ತಿಂಗಳು ಒಂದು ಕ್ವಾರ್ಟರ್ ಡೇ ಶಿಫ್ಟ್ ಹಾಕಿದಾರೆ. ಅಜ್ಜಿಗೆ ಹೇಳಿದೆ, ಇನ್ಮೇಲೆ ದಿನಾ ಬರೋಕಾಗಲ್ಲ ಅಜ್ಜಿ, ಹಗಲು ಕೆಲಸ ಹಾಕಿದಾರೆ ಅಂತ. ಕರಿಬೇವು ಕವರ್‌ಗೆ ತುರುಕ್ತಾ "ಅಯ್ಯೋ ಪಾಪ, ಏನ್ ತಪ್ ಮಾಡ್ದೆ?" ಅಂದ್ರು.